ಕೈ ಜುಮ್ಮೆನ್ನಿಸುತ್ತಿದ್ದ ಒಲೆ

ಬೆಳಗಾವಿಯ ಮಹಾಂತೇಶ ನಗರದ ನಮ್ಮ ಅಡುಗೆಮನೆಗೆ ನಿನ್ನೆ ಹೊಸ ಕರೆಂಟಿನ ಒಲೆ ಬಂತು. ಅರ್ಥಿಂಗ್ ಅಳೆಸಿದ ಮೇಲೆಯೇ ಹಚ್ಚಿಸಿದೆ. ಮೊದಲ ಸಲ ಕಾದಾಗ ಬರುತ್ತದಲ್ಲ, ಸುಟ್ಟ ಎಣ್ಣೆಯಂಥ ವಾಸನೆ, ಅದು ಮೂಗಿಗೆ ಬಡಿದದ್ದೇ ತಡ, ದಸ್ತಗೀರ್ ಮಿಸ್ತ್ರಿ ನೆನಪಾದರು. ಅವರ ಪರಿಚಯ ನಿಮಗೂ ಆಗಲೇಬೇಕು.

ಆಗ ನಾನು ಖಾನಾಪುರದಲ್ಲಿ ವಿಜ್ಞಾನದ ಮಾಸ್ತರ. ಮೂರು ಪಿನ್ನಿನ ಪ್ಲಗ್ಗಿನ ಚಿತ್ರ ಬರೆದು, ಉದ್ದನೆಯ ಪಿನ್ನು ಭೂಮಿಗೆ ಎಂದು ಮಕ್ಕಳಿಂದ ಗಂಟಲು ಹರಿಯುವಂತೆ ಹೇಳಿಸುತ್ತಿದ್ದೆ. ಮನೆಯಲ್ಲಿ ಮಾತ್ರ ಒಲೆಯ ಅರ್ಥಿಂಗ್ ವೈರನ್ನು ಹಿತ್ತಲ ನಳದ ಕಬ್ಬಿಣದ ಪೈಪಿಗೆ ಸುತ್ತಿದ್ದೆ. ನಮ್ಮ ಓಣಿಯಲ್ಲೆಲ್ಲ ಹಾಗೇ ಮಾಡುತ್ತಿದ್ದರು ಬಿಡಿ. ಪೈಪಿಗೆ ತುಕ್ಕು ಹಿಡಿಯಿತೆಂದು ಮಣ್ಣೊಳಗಿನ ಭಾಗ ಕಿತ್ತು ಪ್ಲಾಸ್ಟಿಕ್ ಹಾಕಿದೆ. ನೀರು ಸೋರುವುದು ನಿಂತಿತೆಂದು ಮೀಸೆಯನ್ನೂ ತಿರುವಿದೆ.

ನನ್ನ ಹೆಂಡತಿ ಶಾಂತಾ ಸ್ನಾನ, ಲಿಂಗಪೂಜೆ ಮುಗಿಸಿ ಹಸಿ ಕಾಲಲ್ಲೇ ಒಲೆಯ ಮುಂದೆ ನಿಲ್ಲುವವಳು. "ಒಲಿ ಮುಟ್ಟಿದ್ರ ಕೈ ಜುಮ್ ಅಂತಾವ್ರೀ" ಎನ್ನತೊಡಗಿದಳು. ನರದ ದೌರ್ಬಲ್ಯ ಎಂದು ನಾನೇ ತೀರ್ಪು ಕೊಟ್ಟು ಗುಳಿಗೆ ತಂದೆ. ಆಕೆ ನೆಲದ ತಂಪಿಗೆ ಹಾಗಾಗುತ್ತದೆಂದು ಊಟದ ಮರದ ಮಣೆ ಹಾಕಿಕೊಂಡು ಅದರ ಮೇಲೆ ನಿಂತು ಅಡುಗೆ ಮಾಡಿದಳು. ಜುಮ್ಮೆನ್ನುವುದು ಕಡಿಮೆಯಾಯಿತು. ಎಂಥ ಮಾಸ್ತರ ನೋಡಿ, ಆಗಲೂ ನನ್ನ ತಲೆಗೆ ಹೋಗಲಿಲ್ಲ!

ಆಕೆ ಬೀಡಿ ಎಂಬ ಊರಿನ ತವರುಮನೆಗೆ ಹೋಗಿದ್ದಾಗ ಫ್ಯಾನು ರಿಪೇರಿಗೆಂದು ನಂದಗಡದ ದಸ್ತಗೀರ್ ಮಿಸ್ತ್ರಿ ಬಂದರು. ಚಹಾಕ್ಕೆ ಒಳಗೆ ಕರೆದರೆ ಒಲೆಯ ಹತ್ತಿರ ನಿಂತೇಬಿಟ್ಟರು.

"ಮಾಸ್ತರ್ರ, ಇಲ್ಲಿ ಮಣಿ ಯಾಕ್ ಐತ್ರಿ?"

ಹೇಳಿದೆ. ಮನುಷ್ಯ ನೇರ ಹೋಗಿ ಮೇನ್ ಸ್ವಿಚ್ಚು ಇಳಿಸಿದರು. ವೈರಿನ ಬೆನ್ನು ಹತ್ತಿ ಹಿತ್ತಲಿಗೆ ನಡೆದು ಮಣ್ಣು ಕೆದರಿದರು.

"ಈ ಪ್ಲಾಸ್ಟಿಕ್ ಯಾರು ಹಾಕಿದ್ರಿ?"

"ನಾನೇ."

"ಒಲಿಯಾಗ ಕರೆಂಟ್ ಸೋರಾಕತ್ತೈತಿ. ಭೂಮಿಗೆ ಹೋಗಾಕ ಅದಕ್ಕ ಬ್ಯಾರೆ ದಾರಿನ ಇಲ್ಲ. ಅಕ್ಕಾರ ಮೈಯೊಳಗಿಂದ ಹೊಂಟೈತ್ರಿ."

ಗುದ್ದಲಿ ತಂದು ಅವರ ಮುಂದಿಟ್ಟೆ.

ಎರಡು ದಿನ ದುಡಿದರು. ಗುಂಡಿ ತೋಡಿ, ಅರ್ಥಿಂಗಿನ ಪೈಪು ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿದರು. ಒಲೆಗೆಂದೇ ಬೇರೆ ದಪ್ಪ ವೈರು ಎಳೆದರು. ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚು ಕೂಡಿಸಿದರು. ಒಲೆಯ ಹಾಳಾದ ಕಾಯಿಲ್ ಬದಲಿಸಿದರು. ಒಂದೊಂದು ಸ್ಕ್ರೂ ಬಿಗಿದಾಗಲೂ ವೈರು ಜಗ್ಗಿ ನೋಡುವುದೇ. "ಸಾಕ್ ಬಿಡ್ರಿ" ಅಂದರೆ, "ಅಡಗಿ ನೀವ್ ಮಾಡ್ತೀರೇನ್ರಿ?" ಎಂದು ನನ್ನ ಬಾಯಿ ಮುಚ್ಚಿಸಿದರು. ಮೀಟರು ಹಿಡಿದು ಅರ್ಥಿಂಗ್ ಅಳೆದು, ಆ ಸ್ವಿಚ್ಚನ್ನು ಮೂರು ಸಲ ಬೀಳಿಸಿ ನೋಡಿದ ಮೇಲೆಯೇ ಚಹಾ ಮುಟ್ಟಿದ್ದು. ಅಂಥ ಕೆಲಸಗಾರರನ್ನು ನಾನು ಮತ್ತೆ ಕಂಡಿಲ್ಲ.

ಹೊರಡುವಾಗ ಮೆಲ್ಲಗೆ ಅಂದರು: "ಅಕ್ಕಾರಿಗೆ ನಾ ಏನೂ ಹೇಳಂಗಿಲ್ರಿ. ನೀವ ಹೇಳ್ರಿ."

ನಾನು ಹೇಳಲಿಲ್ಲ. ಶಾಂತಾ ಬಂದಳು. ಕೈ ಜುಮ್ಮೆನ್ನಲಿಲ್ಲ. "ಗುಳಿಗಿ ಹತ್ತಿದುವು ನೋಡ್ರಿ!" ಎಂದು ಹಿಗ್ಗಿದಳು. ಹೂಂ ಅಂದೆ. ಹೊಸ ಸ್ವಿಚ್ಚು ಯಾಕೆ ಎಂದು ಕೇಳಿದ್ದಕ್ಕೆ, ಹಳೆಯದು ಕೆಟ್ಟಿತ್ತು ಅಂದೆ. ಬೆಳಗಾವಿಗೆ ಬಂದ ಮೇಲೂ ಆಕೆ ಆ ಗುಳಿಗೆ ಬಿಟ್ಟಿಲ್ಲ, ನನ್ನ ನಾಚಿಕೆಯೂ ನನ್ನನ್ನು ಬಿಟ್ಟಿಲ್ಲ.

ನಿನ್ನೆ ಎಲ್ಲವನ್ನೂ ಹೇಳಿಬಿಟ್ಟೆ. ಶಾಂತಾ ತನ್ನ ಅಂಗೈ ತಿರುವಿ ತಿರುವಿ ನೋಡಿಕೊಂಡಳು.

"ಹಂಗಂದ್ರ ನನಗ ಯಾವ ಜಡ್ಡೂ ಇರಲಿಲ್ಲ?"

"ಇರಲಿಲ್ಲ. ತಪ್ಪು ನಂದ."

ಬೈಗುಳಕ್ಕೆ ಕಾದೆ. ಆಕೆಯ ಕಣ್ಣು ತುಂಬಿತು.

"ಜೀವಾ ಉಳಿಸಿದವರಿಗೆ ಒಂದ್ ರೊಟ್ಟಿ ಬಡದು ಹಾಕಲಿಲ್ಲಲ್ರೀ ನಾ. ಗುಳಿಗಿಗೆ ಕೈ ಮುಗದೆ!"

ಇದನ್ನು ಬರೆಯುತ್ತಿರುವುದು ಮಿಸ್ತ್ರಿಯವರ ಊರು ನಂದಗಡಕ್ಕೆ ಹೊರಟ ಬಸ್ಸಿನಲ್ಲಿ. ರೊಟ್ಟಿಯ ಗಂಟು ಶಾಂತಾಳ ತೊಡೆಯ ಮೇಲಿದೆ. ಆ ಮಾತಾದ ಮೇಲೆ ನನ್ನೊಂದಿಗೆ ಆಕೆ ಇನ್ನೂ ಮಾತಾಡಿಲ್ಲ.