ಇಂಜಿನ್ ತಣ್ಣಗಾಗುವವರೆಗೆ

ಜಗಳೂರು ಕಡೆಯ ಫಾರಂನಿಂದ ಬ್ರಾಯ್ಲರ್ ಕೋಳಿ ತುಂಬಿಕೊಂಡು ಹೊರಟಿದ್ದೆ. ಚನ್ನಗಿರಿ ದಾಟಿ ಉಬ್ರಾಣಿ ದಾರಿಯಲ್ಲಿ ಸಣ್ಣದೊಂದು ಏರು. ಲಾರಿ ಹತ್ತಲಿಲ್ಲ. ಇಂಜಿನ್ನಿನಲ್ಲಿ ಟಕಟಕ ಸದ್ದು, ಹಿಂದೆ ಬಿಳಿ ಹೊಗೆ. ಪಕ್ಕಕ್ಕೆ ಹಾಕಿ ನಿಲ್ಲಿಸಿದೆ.

ಬೇಸಿಗೆಯ ಬಿಸಿಲು ಆಗಲೇ ಏರಿತ್ತು. ಗಾಡಿ ಓಡುತ್ತಿದ್ದರೆ ಆ ಗಾಳಿಗೆ ಕೋಳಿ ಬದುಕಿಕೊಳ್ಳುತ್ತವೆ. ನಿಂತರೆ ಗೂಡಿನಲ್ಲೇ ಬೆಂದುಹೋಗುತ್ತವೆ. ಮಾಲೀಕರಿಗೆ ಫೋನ್ ಮಾಡಿದೆ. ಇನ್ನೊಂದು ಲಾರಿ ಹೊನ್ನಾಳಿಯಲ್ಲಿ ಲೋಡ್ ಇಳಿಸುತ್ತಿದೆ, ಸಂಜೆಗೆ ಮುಂಚೆ ಬರಲ್ಲ ಅಂದರು.

ಹಿಂದಿನ ದಿನವಷ್ಟೇ ವಾಲ್ವು, ಡೀಸೆಲ್ ಪಂಪಿನ ಟೈಮಿಂಗ್ ಸರಿಮಾಡಿಕೊಟ್ಟಿದ್ದ ಚನ್ನಗಿರಿಯ ಮೆಕ್ಯಾನಿಕ್ಕನ್ನೇ ಕರೆದೆ. ನನ್ನ ವಯಸ್ಸಿನವನೇ. ಬೈಕಿನಲ್ಲಿ ಬಂದವನು ಇಂಜಿನ್ನಿನ ಮೇಲಿನ ಮುಚ್ಚಳ ಬಿಚ್ಚಿದ. ಒಂದು ವಾಲ್ವಿನ ನಟ್ಟು ಬೆರಳಲ್ಲೇ ತಿರುಗುತ್ತಿತ್ತು. ಡೀಸೆಲ್ ಪಂಪಿನ ಬೋಲ್ಟುಗಳೂ ಸಡಿಲವಾಗಿ, ಪಂಪು ತನ್ನ ಜಾಗದಿಂದ ಜರುಗಿತ್ತು.

"ನಾನೇ ಬಿಗಿ ಮಾಡಿದ್ದು," ಅಂದ. "ಬಿಗಿ ಮಾಡೀನಿ ಅನ್ಕಂಡಿದ್ದೆ."

ಬೈಯಬೇಕೆಂದು ಬಾಯಿ ತೆರೆದೆ. ಅವನ ಮುಖ ನೋಡಿ ಬೈಗುಳ ನುಂಗಿಕೊಂಡೆ. "ಬೇಗ ಮಾಡ್ರಿ," ಅಂದೆ ಅಷ್ಟೇ.

"ಈಗ ಮಾಡಾಕೆ ಬರಲ್ಲ. ಕಾದೈತೆ. ವಾಲ್ವಿನ ಸಂದು ತಣ್ಣಗಿದ್ದಾಗ್ಲೇ ಅಳೀಬೇಕು. ಈಗ ಹಿಡಿದ್ರೆ ಮತ್ತೆ ತಪ್ಪುತ್ತೆ."

"ನೀರು ಹಾಕಿದ್ರೆ?"

"ಕಾದ ಕಬ್ಬಿಣ, ಇಂಜಿನ್ನಿನ ಹೆಡ್ಡೇ ಸೀಳ್ತೈತೆ."

ರಸ್ತೆಯಂಚಿನ ಮನೆಯ ಹೆಂಗಸೊಬ್ಬಳು ಕೇಳದೆಯೇ ಕೊಡಗಳನ್ನು ಕೊಟ್ಟಳು. ಮೂವರೂ ಅವಳ ತೊಟ್ಟಿಯಿಂದ ನೀರು ಹೊತ್ತು ಕೋಳಿಗಳ ಮೇಲೆ ಎರಚಿದೆವು. ಹೊರಗಿನ ಸಾಲಿನವು ಕೊಕ್ಕು ತೆರೆದು, ರೆಕ್ಕೆ ಬಿಡಿಸಿ ಏದುಸಿರು ಬಿಡುತ್ತಿದ್ದವು. ಕೈಗೆ ಸಿಕ್ಕವನ್ನು ಬಿಡಿಸಿ ಅವಳ ಹಿತ್ತಿಲ ಹೊಂಗೆಮರದಡಿ ಬಿಟ್ಟೆವು. ಹಮಾಲರಿಲ್ಲದೆ ಇಳಿಸಲಾಗದ ನಡುಸಾಲಿನ ಗೂಡುಗಳಿಗೆ ಕೈಯೂ ಹೋಗದು, ನೀರೂ ತಲುಪದು. ಒಳಗಿಂದ ಬಿಸಿ ಉಗಿ ಮುಖಕ್ಕೆ ಹೊಡೆಯುತ್ತಿತ್ತು.

"ಹೆಂಗೂ ಕೊಯ್ಯಾಕೆ ಒಯ್ಯೋವಲ್ಲೇನ್ರಿ?" ಅಂದಳು ಅವಳು. ಕುಹಕವಿರಲಿಲ್ಲ, ನನ್ನ ಪಾಡು ನೋಡಲಾಗದೆ ಸಮಾಧಾನಕ್ಕೆ ಅಂದಿದ್ದು. ನಾನು ಖಾಲಿ ಕೊಡ ಎತ್ತಿಕೊಂಡು ತೊಟ್ಟಿಯತ್ತ ನಡೆದೆ.

ಒಂದು ಕೊಡ ಎರಚಿ ಬಂದು ಇಂಜಿನ್ನಿಗೆ ಅಂಗೈ ಇಡುತ್ತಿದ್ದೆ. ಚುರ್ ಅನ್ನುತ್ತಿತ್ತು. ಮತ್ತೆ ನೀರು, ಮತ್ತೆ ಅಂಗೈ. ಆ ಬಿಸಿಲಿನಲ್ಲಿ ಅಷ್ಟು ಕಬ್ಬಿಣ ತಣ್ಣಗಾಗುವುದು ಯಾವಾಗ? ಮೆಕ್ಯಾನಿಕ್ಕು ತನ್ನ ಅಂಗಿ ಬಿಚ್ಚಿ ಗೂಡುಗಳಿಗೆ ಗಾಳಿ ಬೀಸುತ್ತಿದ್ದ. ಅದರಿಂದ ಏನೂ ಆಗದೆಂದು ಇಬ್ಬರಿಗೂ ಗೊತ್ತಿತ್ತು.

ಕೊನೆಗೂ ಅವನು "ಸಾಕು, ಹಿಡಿಯಾನ" ಎಂದಾಗ ಹೊತ್ತು ವಾಲಿತ್ತು. ನಾನು ಲಾರಿಯಡಿ ಮಲಗಿ ಸಲಾಕೆಯಿಂದ ಇಂಜಿನ್ನಿನ ಚಕ್ರವನ್ನು ಹಲ್ಲುಹಲ್ಲಾಗಿ ತಿರುಗಿಸಿದೆ. ಚಕ್ರದ ಅಂಚಿನ ಗುರುತು ಅಲ್ಲಿ ಕೂರಿಸಿದ್ದ ಮುಳ್ಳಿನೆದುರು ಬಂದಾಗ "ಕೂಡ್ತು" ಅಂದೆ. ಅವನು ಮೊದಲು ಪಂಪನ್ನು ಜಾಗಕ್ಕೆ ಕೂರಿಸಿದ. ಆಮೇಲೆ ಒಂದೊಂದೇ ವಾಲ್ವಿನ ಸಂದಿಗೆ ಅಳತೆಯ ತೆಳು ಪಟ್ಟಿ ತೂರಿಸಿ, ಎಳೆದು ನೋಡಿ, ನಟ್ಟು ಬಿಗಿದ. ಬಿಗಿದದ್ದನ್ನೇ ಮತ್ತೆ ಮತ್ತೆ ಬಿಗಿದ. ಅವಸರ ಮಾಡಿ ಅನ್ನಲು ಧೈರ್ಯ ಬರಲಿಲ್ಲ. ಮೇಲೆ ಕೋಳಿಗಳ ಸದ್ದು ಕಮ್ಮಿಯಾಗುತ್ತಾ ಹೋದದ್ದು ಮಲಗಿದ್ದಲ್ಲಿಗೇ ಕೇಳುತ್ತಿತ್ತು.

ಇಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಟಕಟಕ ಇಲ್ಲ, ಹೊಗೆ ಇಲ್ಲ. ಅಷ್ಟು ಸೊಗಸಾಗಿ ಅದು ಹಿಂದೆಂದೂ ಓಡಿರಲಿಲ್ಲ. ಮೆಕ್ಯಾನಿಕ್ಕಿನ ಮುಖ ಒಂದು ಕ್ಷಣ ಅರಳಿತು. ಗೂಡುಗಳತ್ತ ನೋಡಿದ ಮೇಲೆ ತಲೆ ತಗ್ಗಿಸಿದ.

ಹೊಂಗೆಮರದಡಿ ಬಿಟ್ಟವನ್ನು ಹಿಡಿದು ತುಂಬಿಕೊಂಡು ಹೊರಟೆ. ಗಾಳಿ ತಾಗಿದಾಗ ಹೊರಸಾಲಿನಲ್ಲಿ ಕೆಲವು ಕತ್ತು ಎತ್ತಿದವು. ಅಂಗಡಿಯೆದುರು ಇಳಿಸುವಾಗ ನಡುಸಾಲಿನಲ್ಲಿ ಒಂದಕ್ಕೂ ಜೀವವಿರಲಿಲ್ಲ. ಒಂದರ ಮೇಲೊಂದು ಒರಗಿಕೊಂಡು, ಇನ್ನೂ ಬೆಚ್ಚಗಿದ್ದವು.