ಬುಟ್ಟಿಯಲ್ಲಿ ಬಂದ ಬೆಕ್ಕು

ರಾಜ್ಯ ಒಂದಾದ ಮೇಲಿನ ಎರಡನೇ ಚಳಿಗಾಲ. ನನ್ನ ಯಜಮಾನರು ಆಗ ಶಿರಸಿಯಲ್ಲಿ ಸರಕಾರಿ ಪಶುವೈದ್ಯರು. ಅಂದು ಬೆಳಿಗ್ಗೆ ಅವರು ಯಲ್ಲಾಪುರದ ಕಡೆ ದನಗಳಿಗೆ ದೊಡ್ಡರೋಗದ ಚುಚ್ಚುಮದ್ದು ಹಾಕಲು ಹೊರಟಿದ್ದರು. ಲಸಿಕೆಯ ಥರ್ಮಾಸಿಗೆ ಒದ್ದೆ ಗೋಣಿ ಸುತ್ತಿಕೊಟ್ಟೆ, ಮಧ್ಯಾಹ್ನಕ್ಕೆ ಮೊಸರವಲಕ್ಕಿ ಕಟ್ಟಿಕೊಟ್ಟೆ. ಅವರು ಹೋದ ಮೇಲೆ ಉಳಿದ ಸಿರಿಂಜುಗಳನ್ನು ಕುದಿಸಲು ಇಟ್ಟು, ಜಗಲಿ ಸಾರಿಸಿ, ಅಂಗಳದಲ್ಲಿ ಎರಡೆಳೆ ರಂಗೋಲಿ ಎಳೆಯುತ್ತಿದ್ದೆ. ಅವರಿಲ್ಲದ ದಿನ ಮನೆಗೆ ಬಂದವರನ್ನು ಮಾತನಾಡಿಸುವುದು, ಕಾಲ್ಗೊರಸಿನ ಹುಣ್ಣಿಗೆ ಪುಡಿ ಕೊಡುವುದು, ಹೆಚ್ಚಿನದೇನಾದರೂ ಇದ್ದರೆ ನಾಳೆ ಬನ್ನಿ ಎನ್ನುವುದು, ಇಷ್ಟು ನನ್ನ ನೌಕರಿ. ಸರಕಾರಕ್ಕೆ ಅದು ಗೊತ್ತಿರಲಿಲ್ಲ, ಊರಿಗೆ ಗೊತ್ತಿತ್ತು.

ಗೇಟಿನ ಹತ್ತಿರ ಒಬ್ಬ ಹೆಂಗಸು ಬಂದು ನಿಂತಳು. ಕಂಕುಳಲ್ಲಿ ಬಿದಿರಿನ ಬುಟ್ಟಿ, ಅದರ ಮೇಲೊಂದು ಹಳೆಯ ಇಳಕಲ್ ಸೀರೆಯ ತುಂಡು. ಹಣೆಯಲ್ಲಿ ವಿಭೂತಿ, ಸೆರಗಿನಲ್ಲಿ ಬೇವಿನ ಹೊಗೆಯ ವಾಸನೆ.

"ದನದ ಡಾಕ್ಟರ ಮನಿ ಇದ ಹೌದಲ್ರಿ, ಬಾಯಾರ?"

"ಹೌದು. ಅವರು ಊರಲ್ಲಿಲ್ಲ. ಏನಾಗಬೇಕಿತ್ತು?"

ಆಕೆ ಜಗಲಿಯ ಅಂಚಿಗೆ ಬುಟ್ಟಿ ಇಟ್ಟು ಬಟ್ಟೆ ಸರಿಸಿದಳು. ಒಳಗೆ ಕಂದು ಪಟ್ಟೆಯ ಒಂದು ಬೆಕ್ಕು. ಕತ್ತಿನಲ್ಲಿ ಯಾರೋ ಮಗು ಕಟ್ಟಿದ ಕೆಂಪು ರಿಬ್ಬನ್ನು, ಗಂಟು ಮಾತ್ರ ಮೂರು ಸುತ್ತು. ನನಗೆ ನಗು ಬಂತು. ಎತ್ತು, ಎಮ್ಮೆ, ಆಡು ಬಂದದ್ದುಂಟು; ಬೆಕ್ಕಿಗೆ ಔಷಧಿ ಕೇಳಿ ಬಂದವರನ್ನು ಅಲ್ಲಿಯವರೆಗೆ ಕಂಡಿರಲಿಲ್ಲ.

"ನಗಬ್ಯಾಡ್ರೀ. ಬಸ್ಸಿನಾಗೂ ಎಲ್ಲಾರೂ ನಕ್ರು, ಎಲ್ಲಾರೂ ಮುಟ್ಟಿ ನೋಡಿದ್ರು," ಎಂದಳು. "ಇದು ಉಣ್ಣವಲ್ದು. ಇದು ಉಣ್ಣವಲ್ದು ಅಂತ ನಮ್ಮ ಹುಡುಗಿನೂ ಉಣ್ಣವಲ್ದು. ಇದ ಆರಾಮಾತಂದ್ರ ಆಕಿನೂ ಆರಾಮಾಗ್ತಾಳ್ರಿ."

ಆಕೆಯ ಹೆಸರು ಗೌರವ್ವ. ದಾಸನಕೊಪ್ಪದಿಂದಾಚೆ ಬನವಾಸಿ ದಾರಿಯಲ್ಲಿ ಒಂದು ಹಳ್ಳಿ. ಮಗಳು ಶಾಂತವ್ವನಿಗೆ ಏಳು ತುಂಬಿತ್ತು. ಬೆಕ್ಕು ಸೀನಿತು. ಗೌರವ್ವ ಸೆರಗಿನಿಂದ ಅದರ ಮೂಗು ಒರೆಸಿ, ಅದೇ ಸೆರಗಿನಿಂದ ತನ್ನ ಮುಖವನ್ನೂ ಒರೆಸಿಕೊಂಡಳು.

ನಾನು ಬಗ್ಗಿದೆ. ದವಡೆಯ ಕೆಳಗೆ, ರಿಬ್ಬನ್ನಿನ ಪಕ್ಕದಲ್ಲಿ, ಅಡಿಕೆ ಗಾತ್ರದ ಗಂಟು. ಅಲ್ಲಿಯ ಕೂದಲು ಒದ್ದೆಯಾಗಿ ಅಂಟಿಕೊಂಡಿತ್ತು.

"ಯಾವಾಗಿನಿಂದ ಇದು?"

"ನಾವು ಊರು ಬಿಟ್ಟು ಹೊಲದಾಗ ಗುಡಸಲಾ ಹಾಕ್ಕೊಂಡ ಮ್ಯಾಲೆ."

ನನ್ನ ಕೈ ಅಲ್ಲೇ ನಿಂತಿತು. "ಊರು ಯಾಕೆ ಬಿಟ್ಟಿರಿ?"

"ಇಲಿ ಬಿದ್ವಲ್ರೀ," ಎಂದಳು, ಮಳೆ ಬಂತಲ್ಲ ಎನ್ನುವ ಹಾಗೆ. "ಮೊದಲ ಅಟ್ಟದ ಮ್ಯಾಲೆ ಇಲಿ ಸಪ್ಪಳ ನಿಂತಿತು. ಪೀಡೆ ತೊಲಗಿತು, ಇನ್ನ ನಿದ್ದಿ ಮಾಡಬೌದು ಅಂತ ನಾವು ನಕ್ವಿ. ಆಮ್ಯಾಲೆ ನೋಡಿದ್ರ ಜಂತಿಯಿಂದ ಒಂದೊಂದ ಬೀಳಾಕ ಹತ್ತಿದ್ವು. ಹಿರ್ಯಾರು ಒಂದ ಮಾತಿಗೆ ಊರು ಬಿಡಿಸಿದ್ರು. ದೇವರು, ಒಲಿ ಕೆಂಡ, ದನಾ, ಬೀಜದ ಭತ್ತ, ಎಲ್ಲಾ ಹೊಲಕ್ಕ ತಂದ್ವಿ. ಇಲಿ ಕಾಯಾಕ ಬೆಕ್ಕನ್ನೂ ತಂದ್ವಿ. ಅದಿಲ್ಲದ ಹ್ಯಾಂಗ್ರಿ?"

"ಬೆಕ್ಕು ಅಲ್ಲೇ ಇತ್ತೇ, ಗುಡಿಸಲಲ್ಲಿ?"

"ಎಲ್ಲೀದ ತಗೀರಿ! ಊರಾಗ ಯಾರೂ ಕಾಲಿಡಬಾರದು ಅಂತ ಡಂಗುರ ಹೊಡಿಸ್ಯಾರ. ಬೆಕ್ಕಿಗೆ ಡಂಗುರ ತಿಳೀತೈತೇನು? ದಿನಾ ಸಂಜೀಕ ಹಳೇ ಮನಿಗೆ ಹೋಗೂದು, ಹೊಟ್ಟಿ ತುಂಬ ತಿಂದು ಬರೂದು, ಬಂದು ಹುಡುಗಿ ಕೌದಿಯೊಳಗ ಮಲಗೂದು."

ನಾನು ಓದಿದ ಕಾನ್ವೆಂಟಿನಲ್ಲಿ ಹೈಜೀನ್ ಪಾಠದ ಗೋಡೆಗೆ ಒಂದು ಚಿತ್ರ ತೂಗುತ್ತಿತ್ತು. ಇಲಿ, ಇಲಿಯಿಂದ ಬಾಣ ಚಿಗಟಕ್ಕೆ, ಚಿಗಟದಿಂದ ಬಾಣ ಮನುಷ್ಯನಿಗೆ. ಸಿಸ್ಟರ್ ಕೋಲಿನಿಂದ ಅದನ್ನು ತೋರಿಸುವಾಗ ನಾವು ಒಟ್ಟಾಗಿ ಒಪ್ಪಿಸುತ್ತಿದ್ದೆವು. ಆ ಚಿತ್ರದಲ್ಲಿ ಬೆಕ್ಕು ಇರಲಿಲ್ಲ. ಆದರೆ ಸತ್ತ ಇಲಿಯನ್ನು ತಿಂದ ಬೆಕ್ಕಿಗೆ ಆ ಚಿಗಟ ಹತ್ತದೆ ಇರುತ್ತದೆಯೇ?

"ಹುಡುಗಿಗೆ ಜ್ವರ ಇದೆಯೇ ಗೌರವ್ವ?"

ಆಕೆ ಮೊದಲ ಸಲ ತಡೆದಳು. "ಮೈ ಸುಡತೈತಿ. ಬೆಕ್ಕಿನ ಚಿಂತಿ ಹಚ್ಚಿಕೊಂಡಾಳ್ರಿ ಅದು." ಆಮೇಲೆ ತನ್ನ ಬಗಲನ್ನು ಮುಟ್ಟಿ ತೋರಿಸಿದಳು. "ಇಲ್ಲೊಂದು ಸಣ್ಣ ಗಡ್ಡಿ ಎದ್ದೈತಿ. ಕೊಡಾ ಹೊತ್ತಿದ್ಲಲ್ಲ, ಅದಕ್ಕ."

ಒಲೆಯ ಮೇಲೆ ಸಿರಿಂಜಿನ ನೀರು ಕುದಿದು ಬತ್ತಿದ ಸದ್ದು ಒಳಗಿನಿಂದ ಬಂತು. ಹೋಗಿ ಇಳಿಸಿದೆ. ಕೈ ತೊಳೆದೆ, ಮತ್ತೊಮ್ಮೆ ತೊಳೆದೆ. ಬುಟ್ಟಿಯನ್ನು ಯಜಮಾನರ ರಬ್ಬರ್ ಹಾಳೆಯಲ್ಲಿ ಸುತ್ತಿ, ಗೌರವ್ವನನ್ನು ಕರೆದುಕೊಂಡು ಮನುಷ್ಯರ ಆಸ್ಪತ್ರೆಗೆ ನಡೆದೆ.

ಅಲ್ಲಿಯ ವೈದ್ಯರು ನಮ್ಮ ಮನೆಗೆ ಬಳಕೆಯಿದ್ದವರು. "ಏನಮ್ಮಾ, ನಿಮ್ಮ ಯಜಮಾನರ ಗಿರಾಕಿಗಳನ್ನು ನನಗೆ ದಾಟಿಸುತ್ತಿದ್ದೀರಾ?" ಎಂದು ನಗುತ್ತ ಹಾಳೆ ಬಿಡಿಸಿದರು. ಅಷ್ಟರಲ್ಲಿ ಬೆಕ್ಕು ಸತ್ತಿತ್ತು. ದವಡೆಯ ಗಂಟು ನೋಡಿದರು, ನಾನು ಹೇಳಿದ್ದನ್ನು ಕೇಳಿದರು. ಆಮೇಲೆ ಅವರು ನಗಲಿಲ್ಲ. ಪ್ಲೇಗಿನಲ್ಲಿ ಬಗಲು, ತೊಡೆಸಂದಿನಲ್ಲಿ ಏಳುವ ಗಡ್ಡೆಗೆ ಬ್ಯೂಬೊ ಎನ್ನುತ್ತಾರೆ, ಅದೇ ಇರಬೇಕು, ಮಗುವಿಗೆ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ಇಂದೇ ಶುರುವಾದರೆ ಉಳಿದೀತು ಎಂದರು. ಜೀಪಿಗೆ ಹೇಳಿಕಳಿಸಿದರು. ನನಗೂ ಗೌರವ್ವನಿಗೂ ರೋಗ ತಗಲದಂತೆ ಸಲ್ಫಾ ಮಾತ್ರೆ ಕೊಟ್ಟು, ತಪ್ಪದೆ ನುಂಗಬೇಕು ಎಂದರು.

"ನನಗೇನಾಗೇತ್ರಿ? ಹುಡುಗೀಗೆ ಕೊಡ್ರಿ," ಎಂದಳು ಗೌರವ್ವ.

"ಹುಡುಗಿಗೆ ಬೇರೆ ಇದೆ. ಇದು ನಿನಗೆ."

ಆಸ್ಪತ್ರೆಯ ಹಿತ್ತಲಲ್ಲಿ ಬುಟ್ಟಿಗೆ ಸೀಮೆಎಣ್ಣೆ ಸುರಿದರು. ರಿಬ್ಬನ್ನು ಬಿಚ್ಚಿಕೊಳ್ಳಲು ಗೌರವ್ವ ಕೈ ಚಾಚಿದಳು. ನಾನು ಅವಳ ಕೈ ಹಿಡಿದೆ. ಉರಿ ಎದ್ದಿತು. ಆಕೆ ನನ್ನ ಮುಖ ನೋಡಿ ಕೇಳಿದಳು, "ಹುಡುಗೀಗೆ ಏನಂತ ಹೇಳ್ಲಿ?"

"ಔಷಧಿ ಕೊಡಲು ಡಾಕ್ಟರ ಮನೆಯ ಬಾಯಾರು ಬೆಕ್ಕನ್ನು ಇಟ್ಟುಕೊಂಡಿದ್ದಾರೆ ಅಂತ ಹೇಳಿ."

"ಹಂಗಂದ್ರ ಆಕಿ ಉಣ್ತಾಳ," ಎಂದಳು. ಜೀಪಿನಲ್ಲಿ ಕುಳಿತಾಗ ಅವಳ ಮುಖದಲ್ಲಿ ನಿಜವಾದ ಸಮಾಧಾನವಿತ್ತು.

ಮುಂದಿನದನ್ನು ವೈದ್ಯರು ಹೇಳಿ ತಿಳಿದದ್ದು. ಶಾಂತವ್ವ ಉಳಿದಳು. ಗೌರವ್ವ ಆ ವಾರವೇ ಹೋದಳು. ಅವಳಿಗೆ ಗಡ್ಡೆ ಏಳಲಿಲ್ಲ, ರೋಗ ನೇರವಾಗಿ ಪುಪ್ಪುಸಕ್ಕೆ ಇಳಿದಿತ್ತು. ಬೆಕ್ಕಿನ ಸೀನಿನಿಂದ ಬಂದಿರಬೇಕು ಎಂದರು. ಮಾತ್ರೆಗಳು ಅವಳ ಸೆರಗಿನ ತುದಿಯಲ್ಲಿ ಗಂಟು ಕಟ್ಟಿದ ಹಾಗೆಯೇ ಇದ್ದವು. ಮಗಳಿಗೆ ಮತ್ತೆ ಜ್ವರ ಬಂದರೆ ಬೇಕಾಗುತ್ತದೆ ಎಂದು ಗಂಡನಿಗೆ ಹೇಳಿದ್ದಳಂತೆ.

ಬೇಸಿಗೆಯಲ್ಲಿ ಒಂದು ದಿನ ತಂದೆಯ ಜೊತೆ ಆ ಹುಡುಗಿ ನಮ್ಮ ಗೇಟಿನಲ್ಲಿ ನಿಂತಿದ್ದಳು. ಕೂದಲು ಸಣ್ಣಗೆ ಕತ್ತರಿಸಿತ್ತು. ಒಳಗೆ ಬರಲಿಲ್ಲ. "ನಮ್ಮ ಬೆಕ್ಕು ಆರಾಮಾತೇನ್ರಿ?" ಎಂದು ಕೇಳಿದಳು. ತಂದೆ ನೆಲ ನೋಡುತ್ತಿದ್ದ. ಅವಳ ಪ್ರಶ್ನೆ ಅದೇ ದನಿಯಲ್ಲಿ ಈಗಲೂ ಕೇಳಿಸುತ್ತದೆ, ಹೆಚ್ಚಾಗಿ ಪಾತ್ರೆ ತೊಳೆಯುವಾಗ.

ಆ ಮೇಲೆ ಯಾರೇ ಯಾವ ಪ್ರಾಣಿಯನ್ನು ಹಿಡಿದು ಬಂದರೂ ನಮ್ಮ ಮನೆಯಲ್ಲಿ ಮೊದಲು ಕೇಳುತ್ತಿದ್ದ ಮಾತು, ಮನೆಯಲ್ಲಿ ಎಲ್ಲರೂ ಹುಷಾರೇ, ಇದು ಯಾರ ಹತ್ತಿರ ಮಲಗುತ್ತದೆ, ಎಂದು. ಯಜಮಾನರೂ ಅದನ್ನು ರೂಢಿ ಮಾಡಿಕೊಂಡರು. ಆ ನೌಕರಿಯಲ್ಲಿ ನಾನು ಕಲಿತದ್ದು ಇದು.

ಜೀಪು ಹೋದ ಆ ಸಂಜೆ ನಾನು ಜಗಲಿಯನ್ನು ಫಿನಾಯಿಲ್ ಹಾಕಿ ತಿಕ್ಕುತ್ತಿದ್ದೆ. ಬುಟ್ಟಿ ಇಟ್ಟ ಕಡೆ ಎಷ್ಟು ತಿಕ್ಕಿದರೂ ಸಾಲದು ಎನಿಸುತ್ತಿತ್ತು. ಪಕ್ಕದ ಹವ್ಯಕರ ಮನೆಯ ಸಾವಿತ್ರಕ್ಕ ಮಲ್ಲಿಗೆ ಕಟ್ಟುತ್ತ ಬೇಲಿಯ ಹತ್ತಿರ ಬಂದರು.

"ಎಂತದೇ ಮಾರಾಯ್ತಿ, ಈ ಹೊತ್ತಲ್ಲಿ ಜಗಲಿ ತೊಳೆತಾ ಇದ್ದೆ? ಹಬ್ಬ ಎಂತಾದ್ರೂ ಇದ್ದಾ?"

"ಏನಿಲ್ಲ ಅಕ್ಕಾ," ಎಂದೆ. ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುತ್ತಿದ್ದೆ.

ಅವರು ದಾರವನ್ನು ಹಲ್ಲಿನಿಂದ ಕಡಿದು, ಹೂವಿನ ತುಂಡೊಂದನ್ನು ನನ್ನ ಕಡೆ ಚಾಚಿದರು. "ತಗ, ಮುಡ್ಕ. ಆನಂತೂ ಈಗ ಎರಡು ರಾತ್ರೆಯಿಂದ ರಾಶಿ ಚಲೋ ನಿದ್ದೆ ಮಾಡ್ತಾ ಇದ್ದಿ. ನಮ್ಮನೆ ಅಟ್ಟದ ಮೇಲೆ ಒಂದು ಇಲಿ ಸದ್ದೂ ಇಲ್ಲೆ."