ಎಲ್ಲ ಫೈಲುಗಳಿಗೂ ಒಂದೇ ಶ್ರೀ

ನನ್ನ ಗಂಡನಿಗೆ ಕಂಪ್ಯೂಟರ್ ಬರುವುದಿಲ್ಲ ಎಂದು ನಾನು ಯಾವತ್ತೂ ಹೇಳಿಲ್ಲ. ಬಹಳ ಚೆನ್ನಾಗಿ ಬರುತ್ತದೆ ಎಂದು ಅವರೇ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು, ನಾನು ಸುಮ್ಮನಿದ್ದೆ, ಅಷ್ಟೆ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಆಳಂದದಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಎಸ್‌ಟಿಡಿ ಬೂತ್ ಇತ್ತು. ಮುಂದೆ ಗಾಜಿನ ಬಾಗಿಲಿನ ಫೋನ್ ಗೂಡು, ಹಿಂದೆ ನಮ್ಮ ಮನೆ, ನಡುವಿನ ಕೋಣೆಯಲ್ಲಿ ಗುಲಬರ್ಗಾದಿಂದ ತಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್. ಮದುವೆಗೆ ಮುಂಚೆ ಜೇವರ್ಗಿಯ ತವರಿನಲ್ಲಿದ್ದಾಗ ನಾನು ಟೈಪಿಂಗ್ ಕಲಿತಿದ್ದೆ. ಹಾಗಾಗಿ ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ ಟೈಪ್ ಮಾಡುವುದು ನನ್ನ ಕೆಲಸವಾಯಿತು. ಕಂಪ್ಯೂಟರಿನ ಬಗ್ಗೆ ಗಿರಾಕಿಗಳಿಗೆ ಭಾಷಣ ಮಾಡುವುದು ಅವರ ಕೆಲಸ.

ಬೂತಿಗೆ ಬರುವ ಅರ್ಧ ಮಂದಿಗೆ ನಂಬರ್ ಗೊತ್ತಿರುತ್ತಿರಲಿಲ್ಲ. "ಪುಣೆದಾಗಿನ ನಮ್ಮ ತಮ್ಮಗ ಹಚ್ಚಿ ಕೊಡ್ರಿ" ಎಂದು ಬಂದು ನಿಲ್ಲುತ್ತಿದ್ದರು. ಅಂಥವರ ನಂಬರಿನ ಚೀಟಿಗಳನ್ನೆಲ್ಲ ನಾವೇ ಗೋಡೆಯ ಮೇಲಿನ ತಂತಿಗೆ ಚುಚ್ಚಿ ಇಟ್ಟುಕೊಂಡಿದ್ದೆವು. ಕಂಪ್ಯೂಟರ್ ಬಂದ ಮೇಲೆ ಗಂಡನಿಗೆ ಆ ತಂತಿ ಕಣ್ಣಿಗೆ ಚುಚ್ಚತೊಡಗಿತು. ಒಂದು ವಾರ ಒಂದೇ ಬೆರಳಿನಲ್ಲಿ ಕುಟ್ಟಿ ಎಲ್ಲ ನಂಬರುಗಳನ್ನೂ ಕಂಪ್ಯೂಟರಿಗೆ ಏರಿಸಿದರು. ಏರಿಸಿದ ಮೇಲೆ ಚೀಟಿಗಳು ಸ್ನಾನದ ನೀರಿನ ಒಲೆಗೆ ಹೋದವು. ಆ ದಿನ ನೀರು ಬೇಗ ಕಾದಿತ್ತು ಎಂಬುದಂತೂ ನಿಜ.

ಫೈಲಿಗೊಂದು ಹೆಸರಿಡಬೇಕಲ್ಲ, ಅದಕ್ಕೆ ಅವರು ಇಟ್ಟ ಹೆಸರು ಶ್ರೀ. ಅವರ ಮನೆತನದಲ್ಲಿ ಕಾಗದದ ಮೇಲೆ ಮೊದಲು ಶ್ರೀ ಎಂದು ಬರೆಯದೆ ಕಿರಾಣಿ ಸಾಮಾನಿನ ಚೀಟಿಯನ್ನೂ ಬರೆಯುತ್ತಿರಲಿಲ್ಲ. ನಾನು ಅದರದೊಂದು ನಕಲನ್ನು ಫ್ಲಾಪಿಗೆ ಹಾಕಿ, ಎಲ್ಲಾದರೂ ಭದ್ರವಾಗಿ ಇಡಲೆಂದು ಅತ್ತೆಯ ಕೈಗೆ ಕೊಟ್ಟೆ.

"ಏನಿದು?" ಎಂದರು ಅತ್ತೆ.

"ಊರ ಮಂದಿ ನಂಬರ್ ಎಲ್ಲಾ ಇದರಾಗ ಅವ ರಿ ಅತ್ತಿ. ಕಂಪ್ಯೂಟರ್ ಕೆಟ್ರ ಇದೇ ಗತಿ."

ಊರ ಮಂದಿಯೆಲ್ಲ ಇರುವ ವಸ್ತುವನ್ನು ಅತ್ತೆ ಟ್ರಂಕಿನಲ್ಲಿ ಇಡುತ್ತಾರೆಯೇ? ನೇರ ದೇವರ ಜಗಲಿಯ ಮೇಲಿಟ್ಟರು. ಮರುದಿನ ಬೆಳಿಗ್ಗೆ ನೋಡಿದರೆ ಅದಕ್ಕೂ ಮೂರು ಬೆರಳಿನ ವಿಭೂತಿ, ಒಂದು ಹೂವು. ನನಗೆ ನಗು ತಡೆಯಲಾಗಲಿಲ್ಲ. ಅವರಿಗೆ ಬೇಸರವಾದೀತೆಂದು ಹಿತ್ತಿಲಿಗೆ ಹೋಗಿ ನಕ್ಕು ಬಂದೆ.

ಆಮೇಲೆ ನಾನು ಜೇವರ್ಗಿಗೆ ತಮ್ಮನ ಮದುವೆಗೆಂದು ಹೋದೆ. ಆಗ ಅಫಜಲಪುರದ ಬೀಜದ ಅಂಗಡಿಯವರು ಹ್ಯಾಂಡ್‌ಬಿಲ್ ಮಾಡಿಸಲು ಬಂದಿದ್ದರಂತೆ. ಹೆಂಡತಿ ಬರಲಿ ಅಂದರೆ ಮರ್ಯಾದೆ ಏನಾಗಬೇಕು? ಗಂಡ ತಾವೇ ಕುಳಿತು ಟೈಪ್ ಮಾಡಿದರು. ಉಳಿಸುವಾಗ ಮತ್ತೆ ಶ್ರೀ. ಈ ಹೆಸರಿನ ಫೈಲ್ ಆಗಲೇ ಇದೆ, ಅದನ್ನು ಅಳಿಸಿ ಇದನ್ನು ಇಡಲೇ ಎಂದು ಕಂಪ್ಯೂಟರ್ ಪಾಪ ಕೇಳಿದೆ. ಇವರು ಹೌದು ಎಂದು ಒತ್ತಿದ್ದಾರೆ. ಅಷ್ಟಕ್ಕೇ ನಿಲ್ಲದೆ, ಫ್ಲಾಪಿಯ ಮೇಲೂ ಇದೇ ಹೊಸ ಶ್ರೀಯನ್ನು ಹಾಕಿಬಿಡೋಣವೆಂದು ತಾಯಿಯನ್ನು ಕೇಳಿದ್ದಾರೆ. ಪೂಜೆಯಾದ ವಸ್ತುವನ್ನು ಹ್ಯಾಂಡ್‌ಬಿಲ್ಲಿಗಾಗಿ ಇಳಿಸುವುದಿಲ್ಲ ಎಂದು ಅತ್ತೆ ಗದರಿಸಿ ಕಳಿಸಿದರಂತೆ. ಇದೆಲ್ಲ ನನಗೆ ಗೊತ್ತಾದದ್ದು ನಾನು ತಿರುಗಿ ಬಂದ ಮರುದಿನ, ಚಾಚಿಯ ಎದುರಿಗೆ.

ಚಾಚಿ ನಮ್ಮ ಹಿಂದಿನ ಓಣಿಯವರು. ಬಳೆ ಮಾರುತ್ತಿದ್ದರು. ಒಬ್ಬಳೇ ಮಗಳನ್ನು ಪುಣೆಗೆ ಕೊಟ್ಟಿದ್ದರು. ಮಗಳಿಗೆ ದಿನ ತುಂಬಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂದು ಚಾಚಿ ಎಲ್ಲ ಸಿದ್ಧ ಮಾಡಿಕೊಂಡಿದ್ದರು, ಆದರೆ ಡಾಕ್ಟರು ಅವಳಿಗೆ ಪ್ರಯಾಣ ಬೇಡವೆಂದಿದ್ದರು. ಅದರ ಮೇಲೆ ಅಳಿಯ ಈಚೆಗಷ್ಟೇ ಮನೆ ಬದಲಿಸಿದ್ದ. ಚಾಚಿಯ ಹತ್ತಿರ ಇದ್ದದ್ದು ಹೊಸ ಮನೆಯ ಪಕ್ಕದವರ ಫೋನ್ ನಂಬರ್ ಒಂದೇ. ಚೀಟಿಗಳು ಕಂಪ್ಯೂಟರಿಗೆ ಏರುವ ಮುಂಚೆಯೇ ಅದನ್ನು ಬರೆಸಿ ತಂದು ನಮಗೇ ಒಪ್ಪಿಸಿದ್ದರು.

ಅವತ್ತು ಬೂತ್ ತೆರೆಯುತ್ತಲೇ ಅಳಿಯನ ಫೋನ್ ಬಂತು. ರಾತ್ರಿಯಿಂದ ಬೇನೆ ಇದೆ, ದವಾಖಾನೆಗೆ ಕರೆದೊಯ್ಯುತ್ತಿದ್ದೇವೆ, ಅಮ್ಮಿಗೆ ಪಕ್ಕದ ಮನೆಗೆ ಫೋನ್ ಮಾಡಲು ಹೇಳಿ ಎನ್ನುವಷ್ಟರಲ್ಲಿ ಲೈನ್ ಕಟ್ಟಾಯಿತು. ಬಳೆ ಮಾರಲು ಹೋಗಿದ್ದ ಚಾಚಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು, ಚೀಲ ಹೆಗಲಿಗೇರಿಸಿಕೊಂಡೇ ಬಂದರು.

"ಹಚ್ಚು ಬೇಟಾ. ಯಾವ ದವಾಖಾನಿ ಕೇಳ್ಕೊಂಡು ಇದೇ ಬಸ್ಸಿಗೆ ಹೊಂಟೇನಿ."

ಗಂಡ ಠೀವಿಯಿಂದ ಕಂಪ್ಯೂಟರ್ ಚಾಲೂ ಮಾಡಿ ಶ್ರೀ ತೆರೆದರು. ಪರದೆಯ ಮೇಲೆ ತೊಗರಿ ಬೀಜದ ಜಾಹೀರಾತು ಬಂತು. ಮುಚ್ಚಿ ಮತ್ತೆ ತೆರೆದರು. ಮತ್ತೆ ತೊಗರಿ.

"ನಂಬರ್ ಎಲ್ಲಿ ಹೋದ್ವು ರಿ?" ಎಂದೆ.

"ಇಲ್ಲೇ ಇದ್ವು."

"ಉಳಿಸೂ ಮುಂದ ಅದು ಏನರ ಕೇಳ್ತೇನು?"

"ಕೇಳ್ತು. ಹೌದು ಅಂದೆ. ಶ್ರೀ ಅಂತ ಬರದ ಮ್ಯಾಲ ಇಲ್ಲ ಅಂತ ಹ್ಯಾಂಗ ಅನ್ಲಿ?"

ಬೇರೆ ದಿನವಾಗಿದ್ದರೆ ಈ ಮಾತಿಗೆ ಅವರನ್ನು ತಿಂಗಳುಗಟ್ಟಲೆ ಗೋಳು ಹೊಯ್ದುಕೊಳ್ಳುತ್ತಿದ್ದೆ. ಆದರೆ ಚಾಚಿ ಪರದೆಯನ್ನೇ ನೋಡುತ್ತ ನಿಂತಿದ್ದರು. ಓದು ಬಾರದಿದ್ದರೂ ನಮ್ಮ ಮುಖ ನೋಡಿ ಅವರಿಗೆ ಎಲ್ಲ ಅರ್ಥವಾಗಿತ್ತು. "ಅಷ್ಟು ದೊಡ್ಡ ಊರಾಗ ನಾ ಎಲ್ಲಿ ಅಂತ ಹುಡುಕ್ಲಿ?" ಎಂದು ಮೆಲ್ಲಗೆ ಕೇಳಿದರು. ಆಗ ನನಗೆ ಫ್ಲಾಪಿ ನೆನಪಾಯಿತು.

ನಾನು ಜಗಲಿಯತ್ತ ಓಡಿದೆ. ಅತ್ತೆ ಕೈಮುಗಿದು ಫ್ಲಾಪಿ ಇಳಿಸಿಕೊಟ್ಟರು. ಅದು ಫ್ಲಾಪಿ ಎಂದು ಹೇಳುವುದೇ ಕಷ್ಟವಿತ್ತು. ದಿನದ ವಿಭೂತಿ ಪದರಪದರವಾಗಿ ಒಣಗಿ ಕೂತಿತ್ತು. ಗಂಡ ಅದನ್ನು ಕಸಿದು ಹಾಗೇ ಒಳಗೆ ತುರುಕಲು ಹೋದರು. ಅತ್ತೆ ತಂಬಿಗೆ ನೀರು ತಂದು, ತೊಳೆದು ಒರೆಸಿಬಿಡು ಎಂದರು. ಇಬ್ಬರನ್ನೂ ಬಾಗಿಲಾಚೆ ನಿಲ್ಲಿಸಿದೆ. ಆ ಮನೆಯಲ್ಲಿ ಅತ್ತೆಯನ್ನು ಹಾಗೆ ನಿಲ್ಲಿಸಿದ್ದು ಅದೇ ಮೊದಲು.

ಫ್ಲಾಪಿಯನ್ನು ಮಗ್ಗುಲಾಗಿ ಹಿಡಿದು ಮೆಲ್ಲಗೆ ತಟ್ಟಿದೆ. ಒಣ ಮೆದು ಬಟ್ಟೆಯಿಂದ ಬೂದಿ ಒರೆಸಿದೆ. ತಗಡಿನ ಮುಚ್ಚಳದ ಸಂದಿಯನ್ನು ಕುಂಕುಮದ ಹೊಸ ಕುಂಚದಿಂದ ಗುಡಿಸಿದೆ. ಒಳಗಿನ ಕಪ್ಪು ತಟ್ಟೆಗೆ ಬೆರಳು ತಾಗಿಸಲಿಲ್ಲ. ಮೂಲೆಯಲ್ಲಿ ಒಂದು ಪುಟ್ಟ ಗುಂಡಿ ಇರುತ್ತದೆ, ಅದನ್ನು ಸರಿಸಿ ಕಿಂಡಿ ತೆರೆದಿಟ್ಟರೆ ಫ್ಲಾಪಿಯ ಮೇಲೆ ಯಾರೂ ಏನೂ ಬರೆಯಲಾರರು, ನನ್ನ ಗಂಡ ಕೂಡ. ಅದನ್ನು ಸರಿಸಿದ ಮೇಲೆಯೇ ಒಳಗೆ ಹಾಕಿದೆ. ಯಂತ್ರ ಕರಕರ ಎಂದು ಹಲ್ಲು ಕಡಿಯಿತು, ನಿಂತಿತು, ಮತ್ತೆ ಕಡಿಯಿತು. ಕರೆಂಟ್ ಹೋಗದಿರಲಿ ಎಂದು ಅತ್ತೆ ಬಸವಣ್ಣನನ್ನು ಕರೆಯುತ್ತಿದ್ದರು, ಚಾಚಿ ಅಲ್ಲಾನನ್ನು.

ಕೊನೆಗೆ ಫೈಲ್ ಕಂಡಿತು. ಫ್ಲಾಪಿಯಲ್ಲೇ ತೆರೆಯದೆ ಮೊದಲು ಕಂಪ್ಯೂಟರಿಗೆ ನಕಲಿಸಿಕೊಂಡೆ. ಹೊಸ ಹೆಸರು ಕೊಡುವಾಗ ಬಾಗಿಲಾಚೆಯಿಂದ ಧ್ವನಿ ಬಂತು.

"ಮೊದಲ ಶ್ರೀ ಅಂತ ಹಾಕು."

"ನೀವು ಸುಮ್ಮನಿರ್ರಿ" ಎಂದೆ. ಹೆಸರಿನ ಜಾಗದಲ್ಲಿ ‘ಮಂದಿ’ ಎಂದು ಟೈಪ್ ಮಾಡಿದೆ. ತೆರೆದು ನೋಡಿದರೆ ಮಂದಿಯೆಲ್ಲ ಇದ್ದರು. ಚಾಚಿಯ ಮಗಳೂ ಇದ್ದಳು.

ನಾಲ್ಕನೆಯ ಸಲಕ್ಕೆ ಲೈನ್ ಸಿಕ್ಕಿತು. ಆ ಕಡೆ ಪಕ್ಕದ ಮನೆಯ ಹೆಂಗಸು. ಚಾಚಿ ಗೂಡಿನ ಬಾಗಿಲು ಮುಚ್ಚಲಿಲ್ಲ, ಉರ್ದುವಿನಲ್ಲಿ ಕೇಳಿದ್ದನ್ನು ನಮಗೆ ಕನ್ನಡದಲ್ಲಿ ಒಪ್ಪಿಸುತ್ತ ಹೋದರು. "ಆಗ್ಯಾದಂತ. ಹೆಣ್ಣಂತ. ಇಬ್ಬರೂ ಆರಾಮ ಅದಾರಂತ." ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಅಳುತ್ತಿದ್ದೆ, ಮುಚ್ಚಿಡಲು ಹೋಗಲಿಲ್ಲ. ಚಾಚಿ ರಿಸೀವರನ್ನು ನನ್ನ ಗಂಡನ ಕೈಗಿಟ್ಟು, ಚೀಲ ಎತ್ತಿಕೊಂಡು, ಪುಣೆಯ ದಾರಿಯ ಸೊಲ್ಲಾಪುರದ ಬಸ್ಸು ಬಿಟ್ಟೀತೆಂದು ಹೊರಟೇಬಿಟ್ಟರು. ಯಾವ ದವಾಖಾನೆ ಎಂದು ಕೇಳಿರಲೇ ಇಲ್ಲ.

ಗಂಡ ರಿಸೀವರ್ ಹಿಡಿದು ಹಲೋ ಹಲೋ ಎನ್ನುತ್ತಿದ್ದರು. ನಾನು ಅದನ್ನು ತೆಗೆದುಕೊಂಡು ವಿಳಾಸ ಬರೆದುಕೊಂಡೆ. ಆ ಹೆಂಗಸು ಇನ್ನೊಂದು ಮಾತನ್ನೂ ಹೇಳಿದಳು. ಚಪ್ಪಲಿ ಹುಡುಕದೆ ಬಸ್‌ಸ್ಟ್ಯಾಂಡಿಗೆ ಓಡಿದೆ. ಆಳಂದದ ಸೊಸೆಯಂದಿರು ಹಾಗೆ ಓಡುವುದಿಲ್ಲ, ಬಜಾರೆಲ್ಲ ನಿಂತು ನೋಡಿತು.

ಬಸ್ಸು ಹೊರಡುವುದರಲ್ಲಿತ್ತು. ಚಾಚಿ ಕಿಟಕಿಯ ಪಕ್ಕ ಕೂತಿದ್ದರು. ಚೀಟಿ ಕೊಟ್ಟೆ. ನೋಡದೆಯೇ ಮಡಚಿ ಚೀಲಕ್ಕೆ ಹಾಕಿದರು.

"ಚಾಚಿ, ಎಚ್ಚರ ಆದ ಕೂಡ್ಲೇ ನಿಮ್ಮ ಮಗಳು ಒಂದೇ ಕೇಳಿದಳಂತ. ಅಮ್ಮಿ ಯಾವಾಗ ಬರ್ತಾಳ ಅಂತ."

ಬಸ್ಸು ಸರಿಯತೊಡಗಿತು. ಚಾಚಿ ಕಿಟಕಿಯ ಸರಳು ಹಿಡಿದು ಮುಖ ಹೊರಗೆ ಚಾಚಿದರು.

"ಏನಂದ್ಲಂತ? ಇನ್ನೊಮ್ಮೆ ಹೇಳ ಬೇ."

ನಾನು ಬಸ್ಸಿನ ಜೊತೆ ಓಡುತ್ತ ಇನ್ನೊಮ್ಮೆ ಹೇಳಿದೆ.